ಋಣದ ಮನೆಯ ಇಲಿಗಳು

ಪರಾಭವ ಸಂವತ್ಸರ, ಭಾದ್ರಪದ ಮಾಸ, ಇಲಿವಾರದ ಮರುದಿನ
ಋಣದ ಮನೆ, ಕೆಲಗೇರಿ ನೆರಳೋಣಿ, ಧಾರವಾಡ

ವಿಶಾಲಾಕ್ಷಿ ಬೆಂಡಿಗೇರಿ ಬಾಯಿಯವರಿಗೆ ನೀಲಗಂಗಾ ತಡಕೋಡ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ಇದು ನಿಮ್ಮದೇ ವರ್ಷ ಎಂದುಕೊಳ್ಳಬೇಡಿ. ಪರಾಭವ ಸಂವತ್ಸರ ನಿಮಗೂ ನಡೆದಿದೆ, ನನಗೂ ನಡೆದಿದೆ. ನಡುವೆ ಅರವತ್ತು ವರ್ಷದ ಚಕ್ರ ಮೂರು ಸಲ ಉರುಳಿದೆ. ನೀವು ಇದನ್ನು ಓದುವ ಹೊತ್ತಿಗೆ ನಾನಿರಲಿ, ನನ್ನ ಮುತ್ತಜ್ಜಿಯೂ ಹುಟ್ಟಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿಯೋ ವಿಚಿತ್ರವಾಗಿಯೋ ಕೇಳಿಸಿದರೆ ದಯವಿಟ್ಟು ಕ್ಷಮಿಸಿ. ನಿಮ್ಮ ಕಾಲದ ಬರಹಗಳನ್ನು ಓದಿ ಕೈ ತಿದ್ದಿಕೊಂಡಿದ್ದೇನೆ, ಆದರೂ ನಮ್ಮ ಕೆಲವು ಶಬ್ದಗಳಿಗೆ ನಿಮ್ಮಲ್ಲಿ ವಸ್ತುವೇ ಇಲ್ಲ. ಅಂಥಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ಹೊರಟಿರುವುದು ಹಿಂದಂಚೆಯಲ್ಲಿ. ಅದು ಕಾಲದ ಹಿಮ್ಮುಖವಾಗಿ ಹೋಗುವ ಟಪಾಲು. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ ಕಳಿಸಲು ಅನುಮತಿ, ಅದೂ ಬರಹ ಮಾತ್ರ. ಮುಟ್ಟಿತೋ ಇಲ್ಲವೋ ಎಂದು ಕೇಳಿದರೆ ಟಪಾಲು ಕಚೇರಿಯವರು ನಕ್ಕು, ಮುಟ್ಟಿದ್ದಕ್ಕೆ ರಸೀದಿ ಕೊಡುವ ಪದ್ಧತಿ ಇಲ್ಲ ಎನ್ನುತ್ತಾರೆ. ಹೆಚ್ಚಿನವರು ಈ ಅವಕಾಶವನ್ನು ತಮ್ಮ ಹಿರಿಯರಿಗೆ ಬುದ್ಧಿ ಹೇಳಲು ಬಳಸುತ್ತಾರೆ. ನಾನು ನನಗೆ ಏನೂ ಸಂಬಂಧವಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಒಂದು ಕರುಣೆಯಿಂದ ನಾನು ಅನ್ನ ತಿನ್ನುತ್ತಿದ್ದೇನೆ, ಮತ್ತು ಆ ಅನ್ನ ಇತ್ತೀಚೆಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಮೊದಲು ಊರಿನ ಸುದ್ದಿ ಹೇಳುತ್ತೇನೆ; ಏಕಾಏಕಿ ದುಃಖ ತೋಡಿಕೊಳ್ಳುವುದು ಮರ್ಯಾದೆಯಲ್ಲ. ಧಾರವಾಡ ಇದ್ದಲ್ಲೇ ಇದೆ. ಬಿಸಿಲು ಮಾತ್ರ ನೀವು ಕಂಡದ್ದಲ್ಲ. ನಮ್ಮ ಬೀದಿಗಳ ಮೇಲೆಲ್ಲ ಬಳ್ಳಿಯ ಚಪ್ಪರ ಹಬ್ಬಿಸಿದ್ದಾರೆ, ಅವನ್ನು ನೆರಳೋಣಿ ಎನ್ನುತ್ತೇವೆ. ಚಪ್ಪರ ಇಲ್ಲದ ಕಡೆ ಮಧ್ಯಾಹ್ನ ನಾಯಿಯೂ ಹೊರಬೀಳುವುದಿಲ್ಲ. ಗುಡ್ಡದ ಮೇಲೆ ಮಂಜುಬಲೆಗಳಿವೆ. ಮೀನಿನ ಬಲೆಯಂಥವೇ, ಆದರೆ ಬೆಳಗಿನ ಮಂಜು ಅವುಗಳಿಗೆ ಹತ್ತಿ, ನೀರಾಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ರೊಟ್ಟಿ ಇನ್ನೂ ಜೋಳದ್ದೇ. ಪೇಡೆಯೂ ಇದೆ, ಹಾಲು ಮಾತ್ರ ಎಮ್ಮೆಯದಲ್ಲ. ಯಾರದೆಂದು ಕೇಳಿದರೆ ಅಂಗಡಿಯವನು ಮಾತು ಬದಲಿಸುತ್ತಾನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಡೀ ಓಣಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಈ ವಾಸನೆ ನಿಮಗೆ ಚೆನ್ನಾಗಿ ಗೊತ್ತು ಬಾಯಿಯವರೇ. ನಿಮ್ಮ ಪ್ರಯೋಗಶಾಲೆಯಲ್ಲಿ ನೀವು ಇಲಿಗಳ ನೀರಿಗೆ ಬೆರೆಸುತ್ತಿರುವ ಆ ಬಿಳಿ ಪುಡಿಯದೇ ವಾಸನೆ ಅದು. ನಾವು ಅದಕ್ಕೆ ತಣಿ ಎನ್ನುತ್ತೇವೆ. ಹುಡುಗರು ಮೂಗು ಹಿಡಿದುಕೊಂಡು ಓಡುತ್ತಾರೆ, ದೊಡ್ಡವರು ಮೂಗು ಹಿಡಿದುಕೊಂಡು ನುಂಗುತ್ತಾರೆ.

ಅಂದರೆ ನಿಮ್ಮ ಕೆಲಸ ವ್ಯರ್ಥವಾಗಲಿಲ್ಲ. ಮನುಷ್ಯರ ಮರೆವಿನ ರೋಗದ ಅಂಶವನ್ನು ಹುಟ್ಟಿಗೆ ಮೊದಲೇ ಒಳಗಿಟ್ಟ ಇಲಿಗಳು ನಿಮ್ಮ ಮುಂದಿವೆ. ಅವುಗಳ ಮಿದುಳಲ್ಲಿ ಗಸಿ ಕೂರುತ್ತದೆ, ಗಸಿ ಕಂಡು ಮಿದುಳಿನ ಕಾವಲು ಕೋಶಗಳು ಸಿಟ್ಟಿಗೇಳುತ್ತವೆ, ಆ ಸಿಟ್ಟೇ ಉರಿಯೂತವಾಗಿ ನೆರೆಯ ಒಳ್ಳೆಯ ಕೋಶಗಳನ್ನೂ ಸುಡುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂಥ ಒಂದು ಕ್ರಿಯೆ ಆ ಉರಿಗೆ ಎಣ್ಣೆ ಹೊಯ್ಯುತ್ತದೆ, ತುಕ್ಕು ತಡೆದರೆ ಉರಿ ತಣಿಯಬಹುದು ಎಂಬುದು ನಿಮ್ಮ ಊಹೆ. ಪುಡಿ ಕುಡಿದ ಇಲಿಗಳು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಅಟ್ಟಣೆಯನ್ನು ಬೇಗ ಹುಡುಕಿ ಹತ್ತುತ್ತವೆ ಎಂದು ನೀವು ಇನ್ನೇನು ಕಾಣಲಿದ್ದೀರಿ. ಅದರ ಮುಂದಿನದು ನಿಮ್ಮೊಬ್ಬರದೇ ಕೆಲಸವಲ್ಲ. ಇಲಿಗೆ ಗುಣವಾದದ್ದೆಲ್ಲ ಮನುಷ್ಯನಿಗೆ ಗುಣವಾಗುವುದಿಲ್ಲ ಎಂದು ಅನೇಕರು ಸೋತು, ಪುಡಿಯನ್ನು ಹತ್ತಾರು ಸಲ ತಿದ್ದಿ, ಕೊನೆಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಗ್ಗುವಂತೆ ಮಾಡಿದರು. ನನ್ನ ಅಪ್ಪ ಎಂಬತ್ತು ದಾಟಿದ ಮೇಲೂ ನನ್ನ ಬಾಲ್ಯದ ಕಿತಾಪತಿಗಳನ್ನು ನೆನಪಿಟ್ಟುಕೊಂಡು ಬೀಗರ ಮುಂದೆ ಹೇಳಿ ನನ್ನ ಮಾನ ಕಳೆದ. ಅದು ತಣಿಯ ಉಪಕಾರ, ನಿಮ್ಮ ಇಲಿಗಳ ಉಪಕಾರ. ಇದನ್ನು ಮರೆತು ನಾನು ಬರೆಯುತ್ತಿಲ್ಲ.

ಈಗ ನಾನು ಕಾಯುವ ಮನೆಯ ಮಾತು. ಪ್ರಯೋಗ ಮುಗಿದಾಗ ಇಲಿಗಳನ್ನು ನೋವಿಲ್ಲದಂತೆ ಮಲಗಿಸಿ ಮಿದುಳು ಪರೀಕ್ಷಿಸಬೇಕೆಂಬುದು ನಿಮ್ಮ ಕಾಲದ ನಿಯಮ. ನಿಮಗೆ ಕೊನೆಯ ಒಂದು ಜೋಡಿಯ ಮೇಲೆ ಕೈ ಏಳಲಿಲ್ಲವಂತೆ. ಗುಣ ಕಂಡವನ್ನು ಹೇಗೆ ಕೊಲ್ಲಲಿ ಎಂದು ಬುತ್ತಿ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಸೆರಗಿನ ಮರೆಯಲ್ಲಿ ಮನೆಗೆ ತಂದಿರಂತೆ. ಅವು ಮರಿ ಹಾಕಿದವು. ಮರಿಗಳಿಗೆ ಮರಿಯಾದವು. ಮುಂದೆ ಮದ್ದು ಮನುಷ್ಯರಿಗೆ ಬಂದಾಗ, ಬದುಕಿಕೊಂಡವರು ಆ ಇಲಿಗಳನ್ನು ಹುಡುಕಿಕೊಂಡು ಕಾಳು ತಂದರು. ಈ ಸೀಮೆಯಲ್ಲಿ ಗಣಪತಿ ಹಬ್ಬದ ಮರುದಿನ ಇಲಿವಾರ ಆಚರಿಸುವುದು ನಿಮಗೆ ಗೊತ್ತಲ್ಲ; ಜನಕ್ಕೆ ಇಲಿಗೆ ಕೈ ಮುಗಿಯಲು ಹೊಸದಾಗಿ ಕಲಿಸಬೇಕಾಗಲಿಲ್ಲ. ಹೀಗೆ ಋಣದ ಮನೆ ಎದ್ದಿತು. ಈಗ ಯಾರೇ ತಣಿ ಶುರುಮಾಡಲಿ, ಮೊದಲು ಇಲ್ಲಿಗೆ ಬಂದು ಇಲಿತೊಟ್ಟಿಲು ಮಾಡಬೇಕು. ಅಂಗೈ ಅಗಲದ ತೊಟ್ಟಿಲಲ್ಲಿ ಒಂದು ಮರಿಯನ್ನು ಮಲಗಿಸಿ, ಸೋದರತ್ತೆಯಾದವಳು ಅದರ ಕಿವಿಯಲ್ಲಿ ಕುರ್ರ್ ಎಂದು ಮದ್ದು ತೆಗೆದುಕೊಳ್ಳುವವರ ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಗುಗ್ಗರಿ ಹಂಚುತ್ತಾರೆ. ಆ ಇಲಿ ಅವರ ಪಡಿಹೆಸರು. ಮರೆವೆಲ್ಲ ಪಡಿಹೆಸರಿಗೆ ಹೋಗಿ ಮನುಷ್ಯ ಉಳಿಯುತ್ತಾನೆ ಎಂಬ ನಂಬಿಕೆ. ಓದಿದವರೂ ಮಾಡುತ್ತಾರೆ, ನಂಬುವುದಿಲ್ಲ ಎನ್ನುತ್ತಲೇ ಮಾಡುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಫೋಟೋ ನಮ್ಮ ಪಡಸಾಲೆಯಲ್ಲಿದೆ. ದಿನಾ ಹಾರ ಹಾಕುತ್ತೇವೆ. ಕನ್ನಡಕ ಸ್ವಲ್ಪ ಓರೆಯಾಗಿದೆ.

ಹಾರ, ತೊಟ್ಟಿಲು, ಗುಗ್ಗರಿ ಎಲ್ಲ ಪಡಸಾಲೆಯಲ್ಲಿ. ಒಳಮನೆಯಲ್ಲಿ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನು ಹೇಳಬೇಕು. ಈ ವಂಶದ ತಂದೆತಾಯಿ ಎರಡೂ ಕಡೆಯಿಂದ ರೋಗದ ಅಂಶ ಇರುವುದರಿಂದ ಹುಟ್ಟುವ ಪ್ರತಿ ಮರಿಗೂ ಅದು ತಪ್ಪಿದ್ದಲ್ಲ. ಮರಿಯಾಗಿದ್ದಾಗ ಮಿಂಚಿನ ಹಾಗೆ ಓಡಾಡುತ್ತವೆ. ಆಮೇಲೆ ಒಂದು ದಿನ ಕಾಳಿನ ಬಟ್ಟಲ ಪಕ್ಕದಲ್ಲೇ ನಿಂತು ಕಾಳನ್ನು ಹುಡುಕುತ್ತವೆ. ಗೂಡು ಕಟ್ಟುವುದನ್ನು ಮರೆಯುತ್ತವೆ. ಕೆಲವು ಮೂಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತವೆ, ಎತ್ತಿ ಬೇರೆಡೆ ಬಿಟ್ಟರೆ ಅಲ್ಲಿ ಸುತ್ತುತ್ತವೆ. ನಾವು ಅವುಗಳಿಗೂ ತಣಿ ಕೊಡುತ್ತೇವೆ, ಅದು ನಮ್ಮ ಹೆಮ್ಮೆ. ತಣಿ ಉರಿಯನ್ನು ಇಳಿಸುತ್ತದೆ, ಗಸಿಯನ್ನು ತೆಗೆಯುವುದಿಲ್ಲ. ಇಷ್ಟೊಂದು ರೋಗ ಹೊತ್ತು ಹುಟ್ಟಿದ ಜೀವದಲ್ಲಿ ಅದು ಸಾವನ್ನು ಮುಂದೂಡುತ್ತದೆ, ಮರೆವನ್ನು ಉದ್ದ ಮಾಡುತ್ತದೆ. ನಿಮ್ಮ ಪ್ರಯೋಗಶಾಲೆಯಲ್ಲಿ ಒಂದು ಇಲಿಯ ಕಷ್ಟಕ್ಕೆ ಒಂದು ಉದ್ದೇಶವಿತ್ತು, ಒಂದು ಮುಕ್ತಾಯವಿತ್ತು. ನಮ್ಮ ಮನೆಯಲ್ಲಿ ಕೃತಜ್ಞತೆ ಇದೆ, ಮುಕ್ತಾಯವಿಲ್ಲ. ನಾನು ಈ ಕೆಲಸಕ್ಕೆ ಬಂದು ಬಹಳ ವರ್ಷ ಇದನ್ನು ನೋಡಿದೆ, ನೋಡಿಯೂ ಕಾಳು ಹಾಕಿದೆ, ಬೋನು ತೊಳೆದೆ, ಹೊಸ ಜೋಡಿ ಕೂಡಿಸಿದೆ. ಎಲ್ಲರೂ ಮಾಡುತ್ತಾ ಬಂದದ್ದನ್ನು ಮಾಡುವಾಗ ಮನಸ್ಸು ಎಷ್ಟು ಸುಲಭವಾಗಿ ಸುಮ್ಮನಿರುತ್ತದೆ ಎಂದು ನೆನೆದರೆ ನನ್ನ ಮೇಲೇ ಹೇಸಿಗೆ.

ನನ್ನ ಕಣ್ಣು ತೆರೆಸಿದ್ದು ನನ್ನ ಅವ್ವ ಗುರುಸಿದ್ಧವ್ವ. ತಣಿ ಒಗ್ಗದವರಲ್ಲಿ ಅವಳೂ ಒಬ್ಬಳು. ನಮ್ಮಲ್ಲಿ ಅಂಥವರಿಗೆ ತಣಿಯದವರು ಎನ್ನುತ್ತಾರೆ, ಅವರೇ ಏನೋ ತಪ್ಪು ಮಾಡಿದ್ದಾರೆ ಎಂಬ ಧಾಟಿಯಲ್ಲಿ. ಅವಳ ಪಡಿಹೆಸರಿನ ಇಲಿಗೆ ಮಗಳೇ ಸರಿಯಾಗಿ ಕಾಳು ಹಾಕಿರಲಿಕ್ಕಿಲ್ಲ ಎಂದು ಓಣಿಯಲ್ಲಿ ಮಾತಾಯಿತು. ನಾನು ಜಗಳವಾಡಿದೆ, ಆದರೆ ಮನೆಗೆ ಬಂದು ನಾನೂ ಒಮ್ಮೆ ಹಾಗೇ ಯೋಚಿಸಿದೆ. ಅವ್ವ ನನ್ನನ್ನು ಗುರುತಿಸುವುದು ಬಿಟ್ಟ ಮೇಲೆ ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ದಿನವೂ ಕೆಲಸಕ್ಕೆ ಕರೆತರುತ್ತಿದ್ದೆ. ಅವಳು ಬೋನುಗಳ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ನನ್ನನ್ನು ಯಾರೋ ಮಠದ ಹೆಣ್ಣುಮಗಳೆಂದು ತಿಳಿದು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಒಂದು ಮುಂಜಾನೆ ಅವಳ ಹೆಸರಿನದೇ ಇಲಿ ಮೂಲೆಯಲ್ಲಿ ಸುತ್ತುತ್ತಿತ್ತು. ಬಹಳ ಹೊತ್ತು ನೋಡಿದಳು.

"ಇದು ಹಿಂಗ್ಯಾಕ ಸುತ್ತಾಕತ್ತೈತಿ?" ಎಂದಳು.

"ಅದಕ್ಕ ಜಡ್ಡು ಐತಿ ಯವ್ವಾ. ಮದ್ದು ಹುಡುಕಾಕ ಅಂತ, ಜಡ್ಡು ಬರ್ಲಿ ಅಂತನ ಇವನ್ನ ಹುಟ್ಟಿಸಿದ್ರು."

"ಸಿಕ್ಕಿತೇನ್ರಿ ಮದ್ದು?"

"ಸಿಕ್ಕಿತು."

"ಸಿಕ್ಕ ಮ್ಯಾಲ ಮತ್ಯಾಕ ಹುಟ್ಟಸ್ತೀರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ, ಕೇಳಿದ್ದನ್ನೇ ಮರೆತು ಸೆರಗಿನ ದಾರ ಎಳೆಯುತ್ತಾ ಕೂತಳು. ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತೆ. ಅವ್ವ ಅದೇ ಚಳಿಗಾಲದಲ್ಲಿ ತೀರಿಕೊಂಡಳು. ನನ್ನ ಹೆಸರು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಮಣ್ಣು ಮಾಡಿ ಬಂದ ವಾರದಲ್ಲಿ ನಾನು ಗಂಡಿಲಿಗಳನ್ನೆಲ್ಲ ಪೂರ್ವದ ಕೋಣೆಗೂ ಹೆಣ್ಣಿಲಿಗಳನ್ನೆಲ್ಲ ಪಶ್ಚಿಮದ ಕೋಣೆಗೂ ಸಾಗಿಸಿದೆ. ಒಂದನ್ನೂ ಕೊಲ್ಲಬೇಕಾಗಿರಲಿಲ್ಲ, ಇದ್ದವು ಇದ್ದಷ್ಟು ದಿನ ಬಾಳಿ ಹೋದರೆ ಸಾಕು, ಮನೆ ತಾನಾಗಿ ಖಾಲಿಯಾಗುತ್ತಿತ್ತು. ಊರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ತೊಟ್ಟಿಲು ತಂದವರಿಗೆ ಈ ಸಲ ಮರಿಯಾಗುವುದು ತಡ ಎಂದೆ, ಬಿಸಿಲು ಹೆಚ್ಚು ಎಂದೆ. ಹಳೆಯ ಇಲಿಗಳಲ್ಲಿ ಹೆಸರಿಲ್ಲದವನ್ನು ತೋರಿಸಿ ಅವುಗಳಿಗೇ ಹೆಸರಿಡಿಸಿದೆ. ಹೆಸರಿಲ್ಲದವು ಮುಗಿದ ಮೇಲೆ ಸುಳ್ಳುಗಳೂ ಮುಗಿದವು. ಹಳೆಯವು ಒಂದೊಂದಾಗಿ ಹೋದವು, ಒಂದೊಂದು ಬೋನು ಖಾಲಿಯಾದಾಗಲೂ ನನ್ನ ಎದೆಯ ಭಾರ ಒಂದು ಗುಂಜಿಯಷ್ಟು ಇಳಿಯುತ್ತಿತ್ತು. ಹೆಣ್ಣಿನಲ್ಲಿ ಮರಿ ಹಾಕುವ ಪ್ರಾಯದ್ದು ಒಂದೇ ಉಳಿದಿತ್ತು. ಇನ್ನೊಂದು ಮಳೆಗಾಲ ಕಳೆದರೆ ಅದರ ಕಾಲವೂ ಮುಗಿಯುತ್ತಿತ್ತು.

ಆಗ ಫಕ್ಕೀರಪ್ಪ ಹೊಂಬಳ ಬಂದರು. ಮಂಜುಬಲೆ ಹೊಲಿಯುವ ಮನುಷ್ಯ, ಗುಡ್ಡದ ಮೇಲಿನ ಹರಿದ ಬಲೆಗಳೆಲ್ಲ ಅವರ ಕೈಯಲ್ಲೇ ಕೂಡುವುದು. ಅವರಿಗೆ ಹೊಗೆ ಕಂಡಿತ್ತು. ನಮ್ಮಲ್ಲಿ ಪ್ರಾಯ ದಾಟಿದವರ ರಕ್ತ ನೋಡಿ ಮಿದುಳಿನ ಉರಿ ಶುರುವಾಗುವ ಮೊದಲೇ ಗುರುತು ಹಿಡಿಯುತ್ತಾರೆ, ಅದಕ್ಕೆ ಹೊಗೆ ಕಾಣುವುದು ಎನ್ನುತ್ತೇವೆ. ಹೊಗೆ ಕಂಡ ಋತುವಿನಲ್ಲೇ ತಣಿ ಶುರುಮಾಡದಿದ್ದರೆ ಆಮೇಲೆ ಮದ್ದು ಹಿಡಿಯುವುದಿಲ್ಲ. ಪಡಿಹೆಸರು ಇಡದೆ ಮದ್ದು ಮುಟ್ಟುವುದಿಲ್ಲ ಎಂದು ಅವರು ಪಟ್ಟು ಹಿಡಿದಿದ್ದರು. ಮಗಳು ಶಾಂಭವಿ ತೊಟ್ಟಿಲು ಹಿಡಿದು ಮತ್ತೆ ಮತ್ತೆ ಬಂದಳು, ಋತು ಮುಗಿಯುತ್ತಾ ಬಂದಿತ್ತು. ನಾನು ಅವರ ಮನೆಗೇ ಹೋಗಿ ಎಲ್ಲವನ್ನೂ ಹೇಳಿದೆ. ಮದ್ದು ಮದ್ದಿನ ಬಲದಿಂದ ಕೆಲಸ ಮಾಡುತ್ತದೆ, ಇಲಿಗೆ ನಿಮ್ಮ ಮರೆವು ಹೋಗುವುದಿಲ್ಲ, ಅದಕ್ಕೆ ಅದರದ್ದೇ ಮರೆವು ಬೇಕಾದಷ್ಟಿದೆ ಎಂದೆ. ನನ್ನ ಅವ್ವನ ಮಾತನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದವರು ಅದನ್ನು ಪಕ್ಕಕ್ಕಿಟ್ಟರು.

"ಖರೇ ಇರಬಹುದ್ರಿ ಬಾಯಾರ," ಎಂದರು. "ಆದ್ರ ನನಗ ಅಂಜಿಕಿ ಆಗೈತಿ. ನನ್ನ ಹೆಸರ್ಲೆ ಒಂದು ಜೀವ ಇರ್ಲಿ ಬಿಡ್ರಿ. ನಾ ಮರತ್ರ, ಅದಾದ್ರೂ ನನ್ನ ಹೆಸರು ಹೊತ್ಕೊಂಡು ಅಡ್ಡ್ಯಾಡ್ಲಿ."

ಒಬ್ಬ ಮನುಷ್ಯನ ಬುದ್ಧಿ ಒಂದು ಕಡೆ, ಇನ್ನೂ ಹುಟ್ಟದ ಇಲಿಮರಿಗಳು ಒಂದು ಕಡೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಿಮ್ಮನ್ನು ಕೇಳುವುದಿಲ್ಲ, ನೀವೇನು ಮಾಡುತ್ತಿದ್ದಿರಿ ಎಂದು ನನಗೆ ಗೊತ್ತು. ನಾನೂ ಅದನ್ನೇ ಮಾಡಿದೆ. ಪೂರ್ವದ ಕೋಣೆಯಿಂದ ಒಂದು ಗಂಡನ್ನು ತಂದು ಆ ಹೆಣ್ಣಿನ ಬೋನಿಗೆ ಬಿಟ್ಟೆ. ಅಭ್ಯಾಸವಾದ ಕೈ. ಮರಿಗಳಾದವು. ತೊಟ್ಟಿಲಾಯಿತು, ಸೋದರತ್ತೆಯ ಬೆನ್ನಿಗೆ ಗುದ್ದಿದರು, ಗುಗ್ಗರಿ ಹಂಚಿದರು. ಫಕ್ಕೀರಪ್ಪನವರು ಅಂದೇ ಸಂಜೆ ಮೂಗು ಹಿಡಿದು ತಣಿ ನುಂಗಿದರು. ಅವರಿಗೆ ಅದು ಒಗ್ಗಿದೆ ಎಂದು ಹೋದ ತಿಂಗಳ ಪರೀಕ್ಷೆಯಲ್ಲಿ ತಿಳಿಯಿತು. ಶಾಂಭವಿ ಪೇಡೆ ತಂದುಕೊಟ್ಟು ನನ್ನ ಕಾಲಿಗೆ ಬಿದ್ದಳು. ನಿನ್ನೆ ಇಲಿವಾರಕ್ಕೆ ಉಳಿದ ಮರಿಗಳಿಗೂ ಹೆಸರುಗಳು ಬಂದವು, ಇನ್ನೂ ತೊಟ್ಟಿಲುಗಳು ಸಾಲಿನಲ್ಲಿವೆ, ಋಣದ ಮನೆಗೆ ಮತ್ತೆ ಜೀವ ಬಂತು ಎಂದು ಜನ ನನ್ನನ್ನು ಹೊಗಳಿದರು. ಮರಿಗಳು ಈಗ ಚೆನ್ನಾಗಿವೆ. ಬಟ್ಟಲಿನ ಸದ್ದು ಕೇಳಿದರೆ ನನ್ನ ಕೈ ಬೋನಿಗೆ ಹೋಗುವ ಮೊದಲೇ ಓಡಿ ಬಂದು ನಿಲ್ಲುತ್ತವೆ, ನನ್ನನ್ನು ಗುರುತಿಸುತ್ತವೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಗುರುತಿಸುವುದಿಲ್ಲ ಎಂದು ನನಗೆ ಗೊತ್ತು, ಅವುಗಳಿಗೆ ಗೊತ್ತಿಲ್ಲ.

ಆದ್ದರಿಂದ ನನ್ನ ಬಿನ್ನಹ. ಪ್ರಯೋಗ ಮಾಡಬೇಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳಲು ನಾನು ನನ್ನ ಅಪ್ಪನನ್ನೂ ಫಕ್ಕೀರಪ್ಪನವರನ್ನೂ ಮಾರಿಕೊಳ್ಳಬೇಕಾಗುತ್ತದೆ. ಪ್ರಯೋಗ ಮಾಡಿ, ಸರಿಯಾಗಿ ಮಾಡಿ, ಬೇಕಾದಷ್ಟೇ ಇಲಿಗಳಲ್ಲಿ ಮಾಡಿ, ಒಂದೂ ವ್ಯರ್ಥವಾಗದಂತೆ ಮಾಡಿ. ಆದರೆ ಕೊನೆಯ ಜೋಡಿ ನಿಮ್ಮ ಅಂಗೈಯಲ್ಲಿ ಮೂಗು ಆಡಿಸುವ ದಿನ ಡಬ್ಬಿಗೆ ತೂತು ಹೊಡೆಯಬೇಡಿ. ಸಾಕಲೇಬೇಕೆಂದು ಜೀವ ಹಿಡಿದರೆ ಒಂದನ್ನು ಮಾತ್ರ ಸಾಕಿ, ಎರಡನ್ನು ಒಟ್ಟಿಗೆ ಇಡಬೇಡಿ. ರೋಗಕ್ಕೆಂದೇ ಹುಟ್ಟಿಸಿದ ವಂಶವನ್ನು ಪ್ರೀತಿಯಿಂದ ಮುಂದುವರಿಸುವುದು ಪ್ರೀತಿಯಲ್ಲ ಎಂದು ಕಲಿಯಲು ನಮಗೆ ಇಷ್ಟು ಕಾಲ ಹಿಡಿಯಿತು, ಕಲಿತ ಮೇಲೂ ಮಾಡಲಾಗಲಿಲ್ಲ. ನನ್ನ ಕೈಲಾಗದ್ದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ, ಅದೂ ಸತ್ತು ನೂರಕ್ಕೂ ಹೆಚ್ಚು ವರ್ಷವಾದ ಹೆಣ್ಣುಮಗಳ ತಲೆಗೆ. ಇದು ಹೇಡಿತನ ಎಂದು ನನಗೆ ಗೊತ್ತಿದೆ. ಬೇರೆ ದಾರಿ ಕಾಣದೆ ಕೇಳುತ್ತಿದ್ದೇನೆ. ನಿಮಗೆ ಇವು ಇನ್ನೂ ಬರೀ ಅಂಕಿಗಳು ಬಾಯಿಯವರೇ, ಇಲ್ಲಿ ಪ್ರತಿಯೊಂದೂ ಯಾರದೋ ಅಪ್ಪ, ಯಾರದೋ ಅವ್ವ. ಇಲ್ಲಿ ನಿಲ್ಲಿಸುವವರು ಯಾರೂ ಇಲ್ಲ.

ನೀವು ನನ್ನ ಮಾತು ನಡೆಸಿಕೊಟ್ಟರೆ ಋಣದ ಮನೆ ಇರುವುದಿಲ್ಲ. ನಾನು ಬೇರೇನೋ ಕೆಲಸ ಮಾಡಿಕೊಂಡಿರುತ್ತೇನೆ, ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲ. ಅಂಥ ಮರೆವು ನನಗೆ ಬರಲಿ ಎಂದು ಹಾರೈಸಿ. ನಾಳೆ ಬೆಳಗಾದ ಮೇಲೂ ನಾನು ಇಲ್ಲಿಯೇ ಇದ್ದರೆ, ಬಾಗಿಲು ತೆರೆದಾಗ ಒಳಗೆ ಮರಿಗಳ ಸದ್ದು ಕೇಳಿದರೆ, ಕಾಗದ ಮುಟ್ಟಲಿಲ್ಲವೆಂದೋ, ಮುಟ್ಟಿಯೂ ನಿಮ್ಮ ಮನಸ್ಸು ಒಪ್ಪಲಿಲ್ಲವೆಂದೋ ತಿಳಿಯುತ್ತೇನೆ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಅವು ಹಸಿದಿರುತ್ತವೆ, ಕಾಳು ಹಾಕುತ್ತೇನೆ.

ಶರಣಾರ್ಥಿ.
ನೀಲಗಂಗಾ